ರಾತ್ರಿ ರೂಟರ್ ಆರಿಸಿ ಬೆಳಿಗ್ಗೆ ಹಾಕಿದರೆ ಸಾಕೇ?

ಪ್ರಶ್ನೆ: ಮಂಡ್ಯ ಜಿಲ್ಲೆಯ ಒಂದು ಪತ್ತಿನ ಸಹಕಾರ ಸಂಘದಲ್ಲಿ ಅಕೌಂಟೆಂಟ್ ಆಗಿದ್ದೇನೆ. ಕಂಪ್ಯೂಟರ್ ಸ್ವಲ್ಪ ಗೊತ್ತು ಎನ್ನುವ ಕಾರಣಕ್ಕೆ ನೆಟ್‌ವರ್ಕ್ ಜವಾಬ್ದಾರಿಯೂ ನನ್ನ ತಲೆಗೇ ಬಂದಿದೆ. ಮುಖ್ಯ ಕಚೇರಿ, ಎರಡು ಶಾಖೆ. ಒಂದು ಫೈರ್‌ವಾಲ್, ಶಾಖೆಗೊಂದು ರೂಟರ್, ಎರಡು ಮ್ಯಾನೇಜ್ಡ್ ಸ್ವಿಚ್, ಮೂರು ಕಡೆಯೂ ಸಿಸಿಟಿವಿ ಡಿವಿಆರ್. ಈ ಸಲ ಸಿಸ್ಟಂ ಆಡಿಟ್‌ಗೆ ಬಂದವರು ವರದಿಯಲ್ಲಿ ಏಳು ಕಡೆ 'ಬಫರ್ ಓವರ್‌ಫ್ಲೋ' ಎಂದು ಕೆಂಪು ಅಕ್ಷರದಲ್ಲಿ ಬರೆದು ಹೋಗಿದ್ದಾರೆ. ನಮ್ಮ ಮೆಂಟೆನೆನ್ಸ್ ಹುಡುಗನನ್ನು ಕೇಳಿದರೆ, 'ಮೆಮೊರಿ ತುಂಬಿ ಕೋಡಿ ಬೀಳುತ್ತೆ ಮೇಡಂ, ರಾತ್ರಿ ಆರಿಸಿ ಬೆಳಿಗ್ಗೆ ಹಾಕಿ, ಸರಿಹೋಗುತ್ತೆ' ಅಂದ. ಮೂರು ತಿಂಗಳಿಂದ ಹಾಗೇ ಮಾಡುತ್ತಿದ್ದೇನೆ. ಇಷ್ಟು ಸಾಕೇ? ಎಲ್ಲವನ್ನೂ ಹೊಸದು ತರಬೇಕೆಂದರೆ ಅಧ್ಯಕ್ಷರು ಒಪ್ಪುವುದಿಲ್ಲ.

ಉತ್ತರ: ಸಾಲದು ಮೇಡಂ. ಆದರೆ ಎಲ್ಲವನ್ನೂ ಹೊಸದು ತರಬೇಕಾಗಿಯೂ ಇಲ್ಲ. ಮಾಡಬೇಕಾದ ಕೆಲಸದಲ್ಲಿ ಹೆಚ್ಚಿನದಕ್ಕೆ ದುಡ್ಡು ಬೇಡ, ಎರಡು ಭಾನುವಾರ ಬೇಕು.

ಮೊದಲು ಆ ಹುಡುಗನ ಮಾತು. ಅವನು ಹೇಳಿದ 'ಕೋಡಿ' ಎಂಬ ಒಂದು ಪದದಿಂದ ನಿಮ್ಮ ಮೂರು ತಿಂಗಳು ಹೋಗಿದೆ. ಕೆರೆ ತುಂಬಿದರೆ ಕೋಡಿ ಬೀಳುತ್ತದೆ. ರೂಟರಿನ ಮೆಮೊರಿ ಹಾಗೆ ತುಂಬುವುದೂ ಉಂಟು. ಆಗ ಇಂಟರ್ನೆಟ್ ತೆವಳುತ್ತದೆ, ಪೆಟ್ಟಿಗೆ ಹ್ಯಾಂಗ್ ಆಗುತ್ತದೆ, ಆರಿಸಿ ಹಾಕಿದರೆ ಚೇತರಿಸಿಕೊಳ್ಳುತ್ತದೆ. ಅದು ಬೇರೆ ಕಾಯಿಲೆ. ನಿಮ್ಮ ವರದಿಯಲ್ಲಿರುವುದು ಮೆಮೊರಿ ಮುಕ್ಕಾಲು ಪಾಲು ಖಾಲಿ ಇದ್ದಾಗಲೂ ಆಗುವಂಥದ್ದು. ನಿಮ್ಮೂರಿನ ಗದ್ದೆ ಬಯಲನ್ನು ನೆನೆಸಿಕೊಳ್ಳಿ. ಒಂದೊಂದು ಮಡಿಗೂ ಬದು ಇದೆ. ಮಡಿ ಹಿಡಿಯುವುದಕ್ಕಿಂತ ಹೆಚ್ಚು ನೀರು ಬಿಟ್ಟರೆ, ನಾಲೆಯಲ್ಲಿ ಎಷ್ಟು ನೀರಿದೆ, ಕೆಆರ್‌ಎಸ್‌ನಲ್ಲಿ ಎಷ್ಟಡಿ ಇದೆ ಎನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಬದು ಕಿತ್ತುಕೊಂಡು ನೀರು ಪಕ್ಕದ ಮಡಿಗೆ ನುಗ್ಗಿ ಅಲ್ಲಿ ನಾಟಿ ಮಾಡಿದ್ದನ್ನು ಕೊಚ್ಚಿ ಹಾಕುತ್ತದೆ. ಮಡಿಯ ಅಳತೆ ನೋಡದೆ ತೂಬು ತೆಗೆದ ನೀರಗಂಟಿಯದು ತಪ್ಪು. ಇಲ್ಲಿ ನೀರಗಂಟಿ ಎಂದರೆ ರೂಟರಿನೊಳಗೆ ಕೂತಿರುವ ಪ್ರೋಗ್ರಾಂ. ನೀವು ರಾತ್ರಿ ಆರಿಸಿ ಬೆಳಿಗ್ಗೆ ಹಾಕಿದಾಗ ಅದೇ ನೀರಗಂಟಿ ಮತ್ತೆ ಕೆಲಸಕ್ಕೆ ಬರುತ್ತಾನೆ, ಮತ್ತೆ ಅಳತೆ ನೋಡದೆಯೇ ತೂಬು ತೆಗೆಯುತ್ತಾನೆ.

ಇದನ್ನು ಇನ್ನೂ ಹತ್ತಿರದಿಂದ ನೋಡಬೇಕು. ಇಲ್ಲದಿದ್ದರೆ ಆ ಏಳು ಕೆಂಪು ಸಾಲುಗಳಲ್ಲಿ ಯಾವುದು ಇವತ್ತೇ ಮಾಡಬೇಕಾದ್ದು, ಯಾವುದು ಕಾಯಬಹುದಾದ್ದು ಎಂದು ನಿಮಗೆ ತಿಳಿಯುವುದಿಲ್ಲ.

ನಿಮ್ಮ ಸಂಘದ ಸಾಲದ ಅರ್ಜಿಯಲ್ಲಿ ಹೆಸರು ಬರೆಯಲು ಇಪ್ಪತ್ತು ಚೌಕವಿದೆ ಎಂದುಕೊಳ್ಳಿ. ಅದರ ಪಕ್ಕದಲ್ಲೇ ಕಾರ್ಯದರ್ಶಿಗಳ ಷರಾ ಇದೆ: 'ಈ ಕಾಗದ ಮುಗಿದ ಮೇಲೆ ಮೂರನೇ ಮೇಜಿಗೆ'. ಅರ್ಜಿದಾರ ತನ್ನ ಹೆಸರನ್ನು ಇಪ್ಪತ್ತು ಚೌಕಕ್ಕೆ ನಿಲ್ಲಿಸದೆ ಬರೆಯುತ್ತಲೇ ಹೋದ, ಬರವಣಿಗೆ ಷರಾದ ಮೇಲೆ ಹಾಯಿತು. ಸುಮ್ಮನೆ ಗೀಚಿದ್ದರೆ ಷರಾ ಓದಲಾಗದೆ ಕೆಲಸ ನಿಲ್ಲುತ್ತದೆ, ಅಷ್ಟೆ. ಆದರೆ ಅವನು ಲೆಕ್ಕ ಹಾಕಿ, ಸರಿಯಾಗಿ ಆ ಜಾಗಕ್ಕೆ ಬರುವಂತೆ 'ಖಜಾನೆ ಬೀಗದ ಕೈ ಇವರಿಗೆ ಕೊಡಿ' ಎಂದು ಬರೆದಿದ್ದರೆ? ಕಾಗದ ಒಯ್ಯುವ ಜವಾನ ಷರಾ ಯಾರ ಕೈಬರಹ ಎಂದು ನೋಡುವವನಲ್ಲ. ಬರೆದಂತೆ ಮಾಡುತ್ತಾನೆ.

ಕಂಪ್ಯೂಟರಿನಲ್ಲೂ ಹಾಗೇ. ಒಂದು ಕೆಲಸಕ್ಕೆ ಹೋಗುವ ಮುಂಚೆ 'ಮುಗಿದ ಮೇಲೆ ಇಲ್ಲಿಗೆ ವಾಪಸ್ ಬಾ' ಎಂಬ ವಿಳಾಸವನ್ನು ಸ್ಟ್ಯಾಕ್ ಎಂಬ ಜಾಗದಲ್ಲಿ ಬರೆದಿಟ್ಟುಕೊಳ್ಳುತ್ತದೆ. ಹೊರಗಿನಿಂದ ಬಂದ ಮಾಹಿತಿ ತುಂಬಿಸಿಕೊಳ್ಳುವ ಬಫರೂ ಅದರ ಆಸುಪಾಸಿನಲ್ಲೇ ಇರುತ್ತದೆ. ಇಂಥ ಪ್ರೋಗ್ರಾಂಗಳನ್ನು ಹೆಚ್ಚಾಗಿ ಬರೆಯುವ ಸಿ ಭಾಷೆ ತಾನಾಗಿ ಅಳತೆ ನೋಡುವುದಿಲ್ಲ, ಬರೆದವರೇ ನೋಡಬೇಕು. 1988ರ ನವೆಂಬರ್ 2ರಂದು ರಾಬರ್ಟ್ ಟಪ್ಪನ್ ಮಾರಿಸ್ ಬಿಟ್ಟ ಹುಳು (ಕಂಪ್ಯೂಟರಿನಿಂದ ಕಂಪ್ಯೂಟರಿಗೆ ತಾನೇ ಹರಡುವ ಪ್ರೋಗ್ರಾಂ) ಹರಡಿದ ದಾರಿಗಳಲ್ಲಿ ಒಂದು ಇದೇ: ಫಿಂಗರ್ ಎಂಬ ಸೇವೆ 512 ಬೈಟ್ ಜಾಗ ಇಟ್ಟುಕೊಂಡಿತ್ತು, ಹುಳು ಅದಕ್ಕಿಂತ ಹೆಚ್ಚು ಕಳಿಸಿತು.

ಹಳೆಯ ಕಾಲದ ಕತೆ ಎಂದು ಬಿಡಬೇಡಿ. 2015ರಲ್ಲಿ ನೆಟ್‌ಯುಎಸ್‌ಬಿ ಎಂಬ ಸಾಫ್ಟ್‌ವೇರಿನ ದೋಷ ಹೊರಬಂತು. ರೂಟರಿನ ಹಿಂದಿನ ಯುಎಸ್‌ಬಿ ಕಿಂಡಿಗೆ ಪ್ರಿಂಟರ್ ಸಿಕ್ಕಿಸಿದರೆ ಎಲ್ಲ ಕಂಪ್ಯೂಟರಿಗೂ ಸಿಗುವಂತೆ ಮಾಡುವ ಸಣ್ಣ ಸೌಲಭ್ಯ ಅದು. ಕೇಳುವ ಕಂಪ್ಯೂಟರ್ ಮೊದಲು ತನ್ನ ಹೆಸರು ಹೇಳಬೇಕು. ಹೆಸರಿಗೆ ಇಟ್ಟಿದ್ದ ಜಾಗ 64 ಅಕ್ಷರ. ಅದಕ್ಕಿಂತ ಉದ್ದದ ಹೆಸರು ಹೇಳಿದರೆ ಬದು ಒಡೆಯಿತು, ಅದೂ ಲಿನಕ್ಸ್ ಕರ್ನಲ್‌ನ ಒಳಗೇ, ಅಂದರೆ ಮನೆಯ ಯಜಮಾನನ ಕೋಣೆಯಲ್ಲೇ. ಟಿಪಿ-ಲಿಂಕ್, ನೆಟ್‌ಗಿಯರ್ ಸೇರಿ ಹಲವು ಕಂಪನಿಗಳ ರೂಟರುಗಳಲ್ಲಿ ಅದೇ ಕೋಡ್ ಇತ್ತು, ಏಕೆಂದರೆ ಎಲ್ಲರೂ ಒಂದೇ ಕಡೆಯಿಂದ ತಂದು ಹಾಕಿಕೊಂಡಿದ್ದರು. ಬ್ರಾಂಡ್ ನೋಡಿ ನೆಮ್ಮದಿಯಾಗಿರಲು ಆಗದು ಎನ್ನುವುದು ಇದಕ್ಕೇ. 2017ರ ಅಕ್ಟೋಬರಿನಲ್ಲಿ ಡಿಎನ್‌ಎಸ್‌ಮಾಸ್ಕ್ ಎಂಬ ಪುಟ್ಟ ಪ್ರೋಗ್ರಾಂನಲ್ಲಿ ಇಂಥದೇ ಓವರ್‌ಫ್ಲೋ ಸಿಕ್ಕಾಗಲೂ ಹೀಗೇ ಆಯಿತು. ವೆಬ್‌ಸೈಟಿನ ಹೆಸರನ್ನು ಐಪಿ ವಿಳಾಸ ಮಾಡಿಕೊಡುವ ಆ ಪ್ರೋಗ್ರಾಂ ಮನೆ, ಕಚೇರಿಗಳ ಎಷ್ಟೋ ರೂಟರುಗಳ ಒಳಗೆ ಕೂತಿದೆ.

ಈಗ ನನ್ನ ಕಣ್ಣಾರೆ ಕಂಡದ್ದೊಂದು. ಕೆಲವು ವರ್ಷದ ಹಿಂದೆ ಮೈಸೂರಿನ ಒಂದು ವಿದ್ಯಾರ್ಥಿ ನಿಲಯದಿಂದ ಕರೆ ಬಂತು. ರೂಟರ್ ಎರಡು ಮೂರು ದಿನಕ್ಕೊಮ್ಮೆ ತಾನೇ ಆರಿ ಹತ್ತುತ್ತಿದೆ ಎಂದರು. ಕರೆಂಟಿನ ಏರಿಳಿತ ಎಂದು ಅಡಾಪ್ಟರ್ ಬದಲಾಯಿಸಿದ್ದರು, ಬಿಸಿಯಾಗುತ್ತದೆಂದು ಫ್ಯಾನ್ ಇಟ್ಟಿದ್ದರು. ನಾನು ಹೋಗಿ ಮಾಡಿದ್ದು ಒಂದೇ ಕೆಲಸ: ರೂಟರಿನ ಲಾಗ್ (ಆದದ್ದನ್ನೆಲ್ಲ ಸಾಲುಸಾಲಾಗಿ ಬರೆದಿಡುವ ದಿನಚರಿ) ಬೇರೊಂದು ಕಂಪ್ಯೂಟರಿಗೆ ಬಂದು ಬೀಳುವಂತೆ ಮಾಡಿದೆ. ಮೂರನೇ ರಾತ್ರಿ ಸಿಕ್ಕಿತು. ಹೊರಗಿನ ಯಾವುದೋ ವಿಳಾಸದಿಂದ ರೂಟರಿನ ಲಾಗಿನ್ ಪುಟಕ್ಕೆ ಒಂದು ಕೋರಿಕೆ. ಬಳಕೆದಾರನ ಹೆಸರಿನ ಜಾಗದಲ್ಲಿ ಇಂಗ್ಲಿಷಿನ ದೊಡ್ಡ 'ಎ' ಅಕ್ಷರ, ನೂರಾರು ಸಲ, ಒಂದರ ಹಿಂದೊಂದು. ಅದರ ಮುಂದಿನ ಸಾಲಿನಲ್ಲಿ ವೆಬ್ ಸರ್ವರ್ ಸತ್ತ ಸುದ್ದಿ. ಸಾಯುವಾಗ ಅದು ಹೋಗಲು ಹೊರಟಿದ್ದ ವಿಳಾಸ 41414141. ಕಂಪ್ಯೂಟರಿನ ಲೆಕ್ಕದಲ್ಲಿ ದೊಡ್ಡ 'ಎ' ಅಕ್ಷರದ ಸಂಖ್ಯೆ 41. ಅಂದರೆ ವಾಪಸ್ ಬರಬೇಕಾದ ವಿಳಾಸದ ಮೇಲೆ ಆ ಅಪರಿಚಿತನ ಅಕ್ಷರಗಳೇ ಕೂತಿದ್ದವು. ಷರಾದ ಮೇಲೆ ಅರ್ಜಿದಾರನ ಕೈಬರಹ! ಅವನಿನ್ನೂ ಅಳತೆ ಹುಡುಕುತ್ತಿದ್ದ, ಸರಿಯಾದ ವಿಳಾಸ ಸಿಕ್ಕಿರಲಿಲ್ಲ, ಅದಕ್ಕೇ ಪೆಟ್ಟಿಗೆ ಬಿದ್ದು ಏಳುತ್ತಿತ್ತು. ಸಿಕ್ಕ ದಿನ ರೀಸ್ಟಾರ್ಟ್ ನಿಂತುಹೋಗುತ್ತಿತ್ತು, ನಿಲಯದವರು 'ಸದ್ಯ, ಸರಿಹೋಯಿತು' ಎಂದುಕೊಳ್ಳುತ್ತಿದ್ದರು. ಆ ರಾತ್ರಿಯ ನಂತರ ನಾನು ಕಾರಣವಿಲ್ಲದೆ ರೀಸ್ಟಾರ್ಟ್ ಆಗುವ ಯಾವ ಉಪಕರಣವನ್ನೂ ಹಗುರವಾಗಿ ತೆಗೆದುಕೊಂಡಿಲ್ಲ. ನೀವೂ ತೆಗೆದುಕೊಳ್ಳಬೇಡಿ.

ಇಲ್ಲಿ ಗಮನಿಸಬೇಕಾದ್ದು ಏನೆಂದರೆ, ಅವನಿಗೆ ಪಾಸ್‌ವರ್ಡ್ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಪಾಸ್‌ವರ್ಡ್ ಸರಿಯೋ ತಪ್ಪೋ ಎಂದು ನೋಡಬೇಕಾದರೂ ರೂಟರ್ ಮೊದಲು ಕಳಿಸಿದ್ದನ್ನು ಓದಿಕೊಳ್ಳಬೇಕು, ಅಪಾಯ ಆ ಓದುವಿಕೆಯಲ್ಲೇ ಇದೆ. ಹಾಗಾಗಿ 'ನಮ್ಮ ಪಾಸ್‌ವರ್ಡ್ ಗಟ್ಟಿ ಇದೆ' ಎನ್ನುವುದು ಈ ಕಾಯಿಲೆಗೆ ಮದ್ದಲ್ಲ.

ರೂಟರಿನೊಳಗಿನ ಕೋಡ್ ತಿದ್ದುವುದು ನಿಮ್ಮ ಕೈಯಲ್ಲಿಲ್ಲ, ನನ್ನ ಕೈಯಲ್ಲೂ ಇಲ್ಲ, ಅದು ತಯಾರಕರ ಕೆಲಸ. ಆ ದೋಷದ ತನಕ ಯಾರು ಬರಬಹುದು ಎನ್ನುವುದು ಮಾತ್ರ ಪೂರ್ತಿ ನಿಮ್ಮ ಕೈಯಲ್ಲಿದೆ. ಕೆಲಸವನ್ನು ಅಲ್ಲಿಂದಲೇ ಶುರುಮಾಡಿ. ಆಡಿಟ್ ವರದಿಯ ಪ್ರತಿ ಕೆಂಪು ಸಾಲಿಗೂ ಎರಡು ಪ್ರಶ್ನೆ ಹಾಕಿ. ಲಾಗಿನ್ ಆಗದೆಯೇ ಈ ದೋಷವನ್ನು ಬಳಸಬಹುದೇ? ಅದಿರುವ ಸೇವೆಗೆ ಹೊರಗಿನಿಂದ ದಾರಿ ಇದೆಯೇ? ಎರಡಕ್ಕೂ ಹೌದು ಎಂದಾದರೆ ಆ ಸಾಲು ನಾಳೆಗೆ ಉಳಿಯಬಾರದು. ಎರಡಕ್ಕೂ ಇಲ್ಲ ಎಂದಾದರೆ ಮುಂದಿನ ಅಪ್‌ಡೇಟ್‌ವರೆಗೆ ಕಾಯಬಹುದು. ವರದಿಯಲ್ಲಿ ಪ್ರತಿ ದೋಷಕ್ಕೂ ಸಿವಿಇ ಎಂದು ಶುರುವಾಗುವ ಒಂದು ಗುರುತಿನ ನಂಬರ್ ಕೊಟ್ಟಿರುತ್ತಾರೆ. ತಯಾರಕರ ವೆಬ್‌ಸೈಟಿನಲ್ಲಿ ಆ ನಂಬರ್ ಹಾಕಿದರೆ ಮೊದಲನೇ ಪ್ರಶ್ನೆಗೆ ಉತ್ತರ, ದೋಷ ಯಾವ ಸೇವೆಯಲ್ಲಿದೆ ಎನ್ನುವುದು ಅಲ್ಲೇ ಸಿಗುತ್ತದೆ. ಇನ್ನೊಂದು ಮಾತು: ಇಂಥ ವರದಿಗಳು ಬಹಳಷ್ಟು ಸಲ ಫರ್ಮ್‌ವೇರ್ (ಉಪಕರಣದೊಳಗೆ ಕೂತಿರುವ ಸಾಫ್ಟ್‌ವೇರ್) ಆವೃತ್ತಿಯ ನಂಬರ್ ನೋಡಿಯೇ ಬರೆದವು, ಒಳಗೆ ಪರೀಕ್ಷಿಸಿ ಬರೆದವಲ್ಲ. ಆದ್ದರಿಂದ ಕೆಂಪು ಕಂಡ ತಕ್ಷಣ ಗಾಬರಿ ಬೇಡ, ಹಸಿರು ಕಂಡ ತಕ್ಷಣ ಸಮಾಧಾನವೂ ಬೇಡ.

ಹೊರಗಿನಿಂದ ದಾರಿ ಇದೆಯೇ ಎಂದು ತಿಳಿಯುವುದು ಹೀಗೆ. ಕಚೇರಿಯ ಕಂಪ್ಯೂಟರಿನಲ್ಲಿ ರೂಟರಿನ ಪುಟ ತೆರೆದು ವ್ಯಾನ್ (WAN, ಇಂಟರ್ನೆಟ್ ಕಡೆಯ ಸಂಪರ್ಕ) ಎನ್ನುವ ಕಡೆ ಇರುವ ಐಪಿ ವಿಳಾಸ ಬರೆದುಕೊಳ್ಳಿ. ನಿಮ್ಮ ಮೊಬೈಲಿನಲ್ಲಿ ವೈಫೈ ಆರಿಸಿ, ಬರೀ ಸಿಮ್ ಡೇಟಾದಲ್ಲಿ ಬ್ರೌಸರ್ ತೆರೆದು ಆ ವಿಳಾಸ ಹಾಕಿ. ರೂಟರಿನದೋ ಡಿವಿಆರಿನದೋ ಲಾಗಿನ್ ಪುಟ ಬಂದರೆ ಇಡೀ ಜಗತ್ತಿಗೂ ಅದು ಬರುತ್ತದೆ ಎಂದೇ ಅರ್ಥ. ಬರದಿದ್ದರೂ ಪೂರ್ತಿ ನಂಬಬೇಡಿ, ಬೇರೆ ಪೋರ್ಟುಗಳಲ್ಲಿ, ಅಂದರೆ ಅದೇ ವಿಳಾಸದ ಬೇರೆ ನಂಬರಿನ ಬಾಗಿಲುಗಳಲ್ಲಿ, ಇರಬಹುದು. ಲ್ಯಾಪ್‌ಟಾಪಿಗೆ ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟು ಎನ್‌ಮ್ಯಾಪ್ ಎಂಬ ಉಚಿತ ಸಾಧನದಿಂದ ಆ ಒಂದು ವಿಳಾಸದ ಎಲ್ಲ ಪೋರ್ಟು ನೋಡಿ, ಯುಡಿಪಿ 161ನ್ನು (ಮುಂದೆ ಹೇಳುವ ಎಸ್‌ಎನ್‌ಎಂಪಿಯ ಪೋರ್ಟು) ಬೇರೆಯಾಗಿ ಕೇಳಿ. ನಿಮ್ಮದೇ ವಿಳಾಸಗಳನ್ನು ಮಾತ್ರ ನೋಡಿ, ಪಕ್ಕದವರದು ಬೇಡ, ಕಾನೂನಿನ ತೊಡಕಾಗುತ್ತದೆ. ವ್ಯಾನ್ ವಿಳಾಸ 100.64ರಿಂದ 100.127ರ ಒಳಗೆ ಶುರುವಾಗಿದ್ದರೆ ನಿಮ್ಮ ಇಂಟರ್ನೆಟ್ ಕಂಪನಿ ಒಂದೇ ವಿಳಾಸವನ್ನು ಹಲವರಿಗೆ ಹಂಚಿದೆ ಎಂದರ್ಥ. ಆಗ ಹೊರಗಿನಿಂದ ನೇರ ದಾರಿ ಇರುವುದಿಲ್ಲ, ಆದರೆ ಐಪಿವಿ6 (ಹೊಸ ಬಗೆಯ ಐಪಿ ವಿಳಾಸ) ಚಾಲೂ ಇದ್ದರೆ ಆ ಕಡೆಯಿಂದ ಇರಬಹುದು. ಅದನ್ನೂ ನೋಡಿ.

ಇಷ್ಟು ಗೊತ್ತಾದ ಮೇಲೆ ಮುಚ್ಚುವ ಕೆಲಸ. ರಿಮೋಟ್ ಮ್ಯಾನೇಜ್‌ಮೆಂಟ್ ಎಂದಿರುವುದು ಆಫ್. ಟೆಲ್ನೆಟ್ (ದೂರದಿಂದ ಆದೇಶ ಕೊಡುವ ಹಳೆಯ ದಾರಿ) ಆಫ್. ಯುಪಿಎನ್‌ಪಿ (ಒಳಗಿನ ಉಪಕರಣಗಳು ರೂಟರಿನ ಬಾಗಿಲನ್ನು ತಾವೇ ತೆರೆಸಿಕೊಳ್ಳುವ ಸೌಲಭ್ಯ) ಆಫ್. ಯುಎಸ್‌ಬಿ ಕಿಂಡಿಗೆ ಏನೂ ಸಿಕ್ಕಿಸಿಲ್ಲ ಎಂದಾದರೆ ಅದರ ಹಂಚಿಕೆ ಸೇವೆಯೂ ಆಫ್. ಬಳಸದ ಒಂದೊಂದು ಸೇವೆಯೂ ನೀರಗಂಟಿಯಿಲ್ಲದ ಒಂದೊಂದು ತೂಬು.

ಸ್ವಿಚ್‌ಗಳ ವಿಷಯದಲ್ಲಿ ಎರಡು ಸೇವೆಗಳನ್ನು ಹೆಸರಿಟ್ಟೇ ಹೇಳಬೇಕು. ಮೊದಲನೆಯದು ಎಸ್‌ಎನ್‌ಎಂಪಿ, ಉಪಕರಣದ ಆರೋಗ್ಯ ದೂರದಿಂದ ನೋಡುವ ಸೇವೆ. 2016ರ ಆಗಸ್ಟ್‌ನಲ್ಲಿ ಸಿಸ್ಕೋ ಎಎಸ್‌ಎ ಫೈರ್‌ವಾಲಿನ ಎಸ್‌ಎನ್‌ಎಂಪಿ ಕೋಡಿನಲ್ಲಿ ಓವರ್‌ಫ್ಲೋ ಇರುವುದು ಶ್ಯಾಡೋ ಬ್ರೋಕರ್ಸ್ ಎಂಬ ಗುಂಪು ಹೊರಹಾಕಿದ ಕಡತಗಳಿಂದ ಗೊತ್ತಾಯಿತು. ಒಂಬತ್ತು ವರ್ಷದ ನಂತರ, 2025ರ ಸೆಪ್ಟೆಂಬರಿನಲ್ಲಿ, ಅದೇ ಕಂಪನಿಯ ರೂಟರ್, ಸ್ವಿಚ್‌ಗಳನ್ನು ನಡೆಸುವ ಐಒಎಸ್ (ಐಫೋನಿನದಲ್ಲ) ಮತ್ತು ಐಒಎಸ್ ಎಕ್ಸ್‌ಇಯಲ್ಲಿ ಅದೇ ಸೇವೆಯ ಇನ್ನೊಂದು ಓವರ್‌ಫ್ಲೋಗೆ ತೇಪೆ (ದೋಷ ಸರಿಪಡಿಸುವ ಅಪ್‌ಡೇಟ್) ಬಂತು. ನೀವು ಎಸ್‌ಎನ್‌ಎಂಪಿ ನೋಡುವವರೇ ಅಲ್ಲ ಎಂದಾದರೆ ಅದು ಚಾಲೂ ಇರಲು ಕಾರಣವೇ ಇಲ್ಲ. ನೋಡುತ್ತೀರಿ ಎಂದಾದರೆ ಮೂರನೇ ಆವೃತ್ತಿ ಬಳಸಿ, ನಿಮ್ಮ ಒಂದು ಕಂಪ್ಯೂಟರಿಗೆ ಮಾತ್ರ ಉತ್ತರಿಸುವಂತೆ ಮಾಡಿ. ಕಮ್ಯುನಿಟಿ ಹೆಸರು (ಹಳೆಯ ಎಸ್‌ಎನ್‌ಎಂಪಿಯಲ್ಲಿ ಪಾಸ್‌ವರ್ಡಿನಂಥದ್ದು) 'ಪಬ್ಲಿಕ್' ಎಂದೇ ಇದ್ದರೆ ಇವತ್ತೇ ಬದಲಿಸಿ.

ಎರಡನೆಯದು ಸ್ಮಾರ್ಟ್ ಇನ್‌ಸ್ಟಾಲ್. ಹೊಸ ಸಿಸ್ಕೋ ಸ್ವಿಚ್ಚನ್ನು ಸಿಕ್ಕಿಸಿದ ಕೂಡಲೇ ತಾನೇ ಸಜ್ಜಾಗಲೆಂದು ಮಾಡಿದ ಸೌಲಭ್ಯ, ಟಿಸಿಪಿ 4786 ಎಂಬ ಪೋರ್ಟಿನಲ್ಲಿ ಕಾಯುತ್ತದೆ. ಸ್ಥಾಪನೆ ಮುಗಿದ ಮೇಲೆ ಯಾರಿಗೂ ಅದು ನೆನಪಿರುವುದಿಲ್ಲ. 2018ರ ಮಾರ್ಚ್‌ನಲ್ಲಿ ಅದರಲ್ಲಿ ಲಾಗಿನ್ ಇಲ್ಲದೆ ಬಳಸಬಹುದಾದ ಓವರ್‌ಫ್ಲೋ ಪ್ರಕಟವಾಯಿತು, ಸಿವಿಇ-2018-0171. ತೇಪೆ ಅವತ್ತೇ ಬಂದಿತ್ತು. 2025ರ ಆಗಸ್ಟ್‌ನಲ್ಲಿ ಅಮೆರಿಕದ ಎಫ್‌ಬಿಐ ಮತ್ತೆ ಎಚ್ಚರಿಕೆ ಕೊಡಬೇಕಾಯಿತು, ರಷ್ಯಾದ ಗೂಢಚಾರರು ಅದೇ ಹಳೆಯ ದೋಷದಿಂದ ಉಪಕರಣಗಳ ಒಳಗೆ ಹೋಗುತ್ತಿದ್ದಾರೆ ಎಂದು. ಏಳು ವರ್ಷ! ನಿಮ್ಮದು ಸಿಸ್ಕೋ ಸ್ವಿಚ್ ಆಗಿದ್ದರೆ 'ನೋ ವಿಸ್ಟ್ಯಾಕ್' ಎಂಬ ಒಂದು ಸಾಲಿನ ಆದೇಶ ಸಾಕು, ಆ ಬಾಗಿಲು ಮುಚ್ಚುತ್ತದೆ. ಆದೇಶ ಕೊಟ್ಟ ಮೇಲೆ ಸೇವ್ ಮಾಡಿ. ನಿಮ್ಮಲ್ಲಿ ರಾತ್ರಿ ಆರಿಸುವ ಅಭ್ಯಾಸ ಬೇರೆ ಇದೆ, ಸೇವ್ ಮಾಡದಿದ್ದರೆ ಬೆಳಿಗ್ಗೆ ಬಾಗಿಲು ಮತ್ತೆ ತೆರೆದಿರುತ್ತದೆ.

ಫೈರ್‌ವಾಲ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಕಾವಲಿಗೆ ನಿಲ್ಲಿಸಿದ್ದೇ ಸೋಲಬಹುದು ಎಂದರೆ ಆಡಳಿತ ಮಂಡಳಿಯವರು ನಂಬುವುದಿಲ್ಲ. ಫೋರ್ಟಿನೆಟ್ ಕಂಪನಿಯ ಫೋರ್ಟಿಗೇಟ್ ಫೈರ್‌ವಾಲಿನ ಎಸ್‌ಎಸ್‌ಎಲ್ ವಿಪಿಎನ್‌ನಲ್ಲಿ (ದೂರದಿಂದ ಕಚೇರಿಯ ನೆಟ್‌ವರ್ಕಿಗೆ ಸೇರುವ ದಾರಿ) 2022ರ ಡಿಸೆಂಬರಿನಲ್ಲಿ ಒಂದು ಓವರ್‌ಫ್ಲೋ, 2023ರ ಜೂನ್‌ನಲ್ಲಿ ಇನ್ನೊಂದು, ಎರಡಕ್ಕೂ ಲಾಗಿನ್ ಬೇಕಿರಲಿಲ್ಲ. 2025ರ ಜನವರಿಯಲ್ಲಿ ಇವಾಂಟಿಯ ವಿಪಿಎನ್ ಉಪಕರಣದಲ್ಲೂ ಸಿಕ್ಕಿತು. ಮನೆಯಿಂದ ಕೆಲಸ ಮಾಡುವವರಿಗಾಗಿ ಇಡೀ ಜಗತ್ತಿಗೆ ತೆರೆದಿಟ್ಟ ಬಾಗಿಲು ಅದು, ಹಾಗಾಗಿ ದೋಷ ಹುಡುಕುವವರೆಲ್ಲ ಅಲ್ಲೇ ತಡಕುತ್ತಾರೆ. ಫೋರ್ಟಿನೆಟ್ ಕಂಪನಿಯೇ ಕೊನೆಗೆ 7.6.3 ಆವೃತ್ತಿಯಲ್ಲಿ ಎಸ್‌ಎಸ್‌ಎಲ್ ವಿಪಿಎನ್‌ನ ಟನೆಲ್ ವಿಧಾನವನ್ನು ತೆಗೆದುಹಾಕಿತು.

ನಿಮಗೆ ಬೇಕಿರುವುದು ಮೂರು ಕಚೇರಿಗಳ ನಡುವಿನ ಸಂಪರ್ಕ ಮಾತ್ರ. ಅದಕ್ಕೆ ಕಚೇರಿಯಿಂದ ಕಚೇರಿಗೆ ಐಪಿಸೆಕ್ ಟನೆಲ್ (ಮಾಹಿತಿಯನ್ನು ಗುಟ್ಟಾಗಿ ಒಯ್ಯುವ ಸುರಂಗ) ಹಾಕಿಸಿ. ಶಾಖೆಗಳಿಗೆ ಸ್ಥಿರ ಐಪಿ (ಬದಲಾಗದ ವಿಳಾಸ) ತೆಗೆದುಕೊಂಡು, ಆ ಎರಡು ವಿಳಾಸಗಳಿಂದ ಬಂದ ಪ್ಯಾಕೆಟ್ಟಿಗೆ ಮಾತ್ರ ಫೈರ್‌ವಾಲ್ ಮಾತಾಡುವಂತೆ ನಿಯಮ ಬರೆಸಿ. ಐಪಿಸೆಕ್‌ನಲ್ಲಿ ದೋಷ ಬರುವುದಿಲ್ಲವೇ ಎಂದರೆ ಬರುತ್ತದೆ. 2016ರ ಫೆಬ್ರವರಿಯಲ್ಲಿ ಸಿಸ್ಕೋ ಎಎಸ್‌ಎಯಲ್ಲಿ ಟನೆಲ್ ಮಾತುಕತೆ ನಡೆಸುವ ಐಕೆಇ ಕೋಡಿನಲ್ಲೇ ಬಂದಿತ್ತು. ಆದರೆ ಎರಡೇ ವಿಳಾಸಕ್ಕೆ ಕಿವಿ ಕೊಡುವ ಫೈರ್‌ವಾಲಿಗೂ ಊರಿಗೆಲ್ಲ ಕಿವಿ ಕೊಡುವುದಕ್ಕೂ ಅಜಗಜಾಂತರ. ಸ್ಥಿರ ಐಪಿಗೆ ತಿಂಗಳಿಗೆ ಸ್ವಲ್ಪ ಹೆಚ್ಚು ಕೊಡಬೇಕಾಗುತ್ತದೆ. ಈ ಪಟ್ಟಿಯಲ್ಲಿ ದುಡ್ಡು ಕೇಳುವ ಮೊದಲನೇ ಬಾಬ್ತು ಇದು, ಇದಕ್ಕೆ ಕೇಳಿ.

ಇನ್ನು ಅಪ್‌ಡೇಟ್. 2003ರ ಜನವರಿ 25ರಂದು ಸ್ಲ್ಯಾಮರ್ ಎಂಬ ಹುಳು ಹತ್ತೇ ನಿಮಿಷದಲ್ಲಿ ಜಗತ್ತಿನ ಬಹುಪಾಲು ದುರ್ಬಲ ಸರ್ವರ್‌ಗಳನ್ನು ಹಿಡಿಯಿತು. ಇಡೀ ಹುಳುವಿನ ಗಾತ್ರ 376 ಬೈಟ್, ಈ ಪ್ಯಾರಾದಷ್ಟೂ ಇಲ್ಲ. ಅದು ಬಳಸಿದ ಓವರ್‌ಫ್ಲೋಗೆ ಮೈಕ್ರೋಸಾಫ್ಟ್ ಆರು ತಿಂಗಳ ಹಿಂದೆಯೇ ತೇಪೆ ಕೊಟ್ಟಿತ್ತು, ಹಾಕಿಕೊಳ್ಳಬೇಕಾದವರು ಹಾಕಿಕೊಂಡಿರಲಿಲ್ಲ. ರೂಟರಿನ ವಿಷಯದಲ್ಲಂತೂ ಹಾಕಬೇಕು ಎನ್ನುವುದೇ ಹಲವರಿಗೆ ಗೊತ್ತಿಲ್ಲ.

ಹಾಕುವ ಕ್ರಮವಿದೆ. ಪೆಟ್ಟಿಗೆ ತಿರುಗಿಸಿ ಅಡಿಯ ಚೀಟಿ ಓದಿ. ಮಾಡೆಲ್ ನಂಬರಿನ ಜೊತೆಗೆ ಹಾರ್ಡ್‌ವೇರ್ ಆವೃತ್ತಿ ಇರುತ್ತದೆ, ವಿ1, ವಿ2 ಎಂದು. ಅದು ಬಹಳ ಮುಖ್ಯ. ಹೆಸರು ಒಂದೇ ಇದ್ದರೂ ಒಳಗಿನ ಚಿಪ್ ಬೇರೆ ಇರಬಹುದು, ವಿ3ರ ಫೈಲನ್ನು ವಿ2ಕ್ಕೆ ಹಾಕಿದರೆ ಪೆಟ್ಟಿಗೆ ಇಟ್ಟಿಗೆಯಾಗುತ್ತದೆ. ಫೈಲನ್ನು ತಯಾರಕರ ಸೈಟಿನಿಂದಲೇ ಇಳಿಸಿ, ಯಾರೋ ವಾಟ್ಸಾಪಿನಲ್ಲಿ ಕಳಿಸಿದ್ದು ಬೇಡ. ಸೆಟ್ಟಿಂಗ್ಸ್‌ನ ಬ್ಯಾಕಪ್ ತೆಗೆದು ಪೆನ್‌ಡ್ರೈವಿಗೆ ಹಾಕಿ ಕಪಾಟಿನಲ್ಲಿಡಿ. ಭಾನುವಾರ ಮಾಡಿ. ಉಪಕರಣ ಯುಪಿಎಸ್ ಮೇಲೆ ಇರಲಿ, ಬರೆಯುತ್ತಿರುವಾಗ ಕರೆಂಟು ಹೋದರೆ ಅದು ಮತ್ತೆ ಏಳದಿರಬಹುದು. ವೈಫೈ ಮೂಲಕ ಬೇಡ, ತಂತಿ ಹಾಕಿಕೊಂಡು ಮಾಡಿ. ಮೊದಲು ಚಿಕ್ಕ ಶಾಖೆಯಲ್ಲಿ, ಒಂದು ವಾರ ಬಿಟ್ಟು ಮುಖ್ಯ ಕಚೇರಿಯಲ್ಲಿ.

ಶಾಖೆಯ ರೂಟರ್ ಇಂಟರ್ನೆಟ್ ಕಂಪನಿ ಕೊಟ್ಟಿದ್ದಾಗಿದ್ದರೆ ಫರ್ಮ್‌ವೇರ್ ಅವರ ಕೈಯಲ್ಲಿ. ಅವರಿಗೆ ಮಾಡೆಲ್ ಮತ್ತು ಆವೃತ್ತಿ ಬರೆದು ಲಿಖಿತವಾಗಿ ಕೇಳಿ, ಉತ್ತರ ಬರಲಿ ಬಿಡಲಿ ಕೇಳಿದ್ದಕ್ಕೆ ದಾಖಲೆ ಇರಲಿ. ಅದರ ಹಿಂದೆ ನಿಮ್ಮದೇ ಆದ ಒಂದು ರೂಟರ್ ಇಡುವುದು ಕ್ಷೇಮ.

ತಯಾರಕರೇ ಕೈಬಿಟ್ಟ ಉಪಕರಣವಾದರೆ? ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಠಿಣ. ಸಪೋರ್ಟ್ ಮುಗಿದ ಉಪಕರಣ ಇಂಟರ್ನೆಟ್ ಕಡೆಗೆ ಮುಖ ಮಾಡಿ ಒಂದು ದಿನವೂ ಇರಬಾರದು. ಅದು ಚೆನ್ನಾಗಿ ಕೆಲಸ ಮಾಡುತ್ತಿದೆ ಎನ್ನುವುದು ವಾದವೇ ಅಲ್ಲ. ತೇಪೆ ಬಂದರೂ ತಲುಪದಿರುವುದಕ್ಕೆ ಒಂದು ಉದಾಹರಣೆ ಸಾಕು: 2014ರ ಡಿಸೆಂಬರಿನಲ್ಲಿ ಚೆಕ್ ಪಾಯಿಂಟ್ ಕಂಪನಿಯವರು ರೋಂಪೇಜರ್ ಎಂಬ ಪುಟ್ಟ ವೆಬ್ ಸರ್ವರಿನ ಮೆಮೊರಿ ದೋಷ ಸುಮಾರು 1.2 ಕೋಟಿ ಮನೆ ರೂಟರುಗಳಲ್ಲಿ ಇದೆ ಎಂದರು. ಆ ಸರ್ವರ್ ಬರೆದವರು ಅದನ್ನು 2005ರಲ್ಲೇ ಸರಿಪಡಿಸಿದ್ದರು. ರೂಟರ್ ಮಾಡುವವರು ಹಳೆಯದನ್ನೇ ತುಂಬಿಸುತ್ತಾ ಹೋಗಿದ್ದರು. ನಿಮ್ಮ ಎರಡು ಶಾಖೆಯ ರೂಟರುಗಳಲ್ಲಿ ಒಂದು ಇಂಥದ್ದಾಗಿದ್ದರೆ ಅದೊಂದನ್ನೇ ಬದಲಿಸಿ. ಹಳೆಯ ರೂಟರಿಗೆ ಓಪನ್‌ಡಬ್ಲ್ಯುಆರ್‌ಟಿ ಎಂಬ ಉಚಿತ ಫರ್ಮ್‌ವೇರ್ ಹಾಕಿಕೊಳ್ಳಿ ಎಂದು ಯಾರಾದರೂ ಹೇಳಬಹುದು. ಒಳ್ಳೆಯ ಸಾಫ್ಟ್‌ವೇರ್, ನಾನೂ ಮನೆಯಲ್ಲಿ ಬಳಸುತ್ತೇನೆ. ಆದರೆ ನಿಮ್ಮ ಸಂಘದಲ್ಲಿ ಅದನ್ನು ನೋಡಿಕೊಳ್ಳುವವರು ನೀವೊಬ್ಬರೇ, ನಿಮಗೆ ವರ್ಗವಾದರೆ ಅದು ಅನಾಥವಾಗುತ್ತದೆ. ಹಾಗಾಗಿ ಬೇಡ ಎನ್ನುತ್ತೇನೆ.

ಹೊಸದು ಕೊಳ್ಳುವಾಗ ಮಾರುವವರನ್ನು ವೇಗದ ಬಗ್ಗೆ ಕೇಳುವ ಮುಂಚೆ ಎಷ್ಟು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಕೊಡುತ್ತೀರಿ ಎಂದು ಕೇಳಿ, ಬರೆದುಕೊಡಲು ಹೇಳಿ. ಒಳ್ಳೆಯ ತಯಾರಕರು ಬದುವಿನ ಮೇಲೆ ಗೂಟ ನೆಟ್ಟಂತೆ ವಾಪಸ್ ವಿಳಾಸದ ಮುಂದೆ ಒಂದು ಗುಟ್ಟಿನ ಸಂಖ್ಯೆ ಇಟ್ಟಿರುತ್ತಾರೆ. ನೀರು ನುಗ್ಗಿದರೆ ಗೂಟ ಕದಲುತ್ತದೆ, ಪ್ರೋಗ್ರಾಂ ಕೂಡಲೇ ನಿಲ್ಲುತ್ತದೆ. ಮಾಹಿತಿ ಇಡುವ ಜಾಗದಲ್ಲಿ ಆದೇಶ ನಡೆಯದಂತೆ, ವಿಳಾಸಗಳು ಪ್ರತಿ ಸಲ ಬೇರೆಯಾಗುವಂತೆ ಮಾಡಿರುತ್ತಾರೆ. ಅಗ್ಗದ ಹಳೆಯ ಪೆಟ್ಟಿಗೆಗಳಲ್ಲಿ ಇವು ಎಷ್ಟೋ ಸಲ ಇರುವುದೇ ಇಲ್ಲ. ರಸ್ಟ್‌ನಂಥ ಭಾಷೆಗಳು ಅಳತೆಯನ್ನು ತಾವೇ ನೋಡುತ್ತವೆ. ಮೈಕ್ರೋಸಾಫ್ಟ್ 2019ರಲ್ಲಿ ತನ್ನ ಭದ್ರತಾ ದೋಷಗಳಲ್ಲಿ ಸುಮಾರು ಶೇ 70 ಮೆಮೊರಿಗೆ ಸಂಬಂಧಿಸಿದವೇ ಎಂದಿತ್ತು. ತಯಾರಕರೆಲ್ಲ ಆ ಕಡೆ ಹೊರಳುವವರೆಗೆ ಬದು ಕಾಯುವ ಕೆಲಸ ನಮ್ಮ ಮೇಲೇ ಇರುತ್ತದೆ.

ಡಿವಿಆರ್ ಬಗ್ಗೆ ನಿಮ್ಮ ಪ್ರಶ್ನೆಯಲ್ಲಿ ಒಂದೇ ಪದ ಇತ್ತು, ನನಗೆ ಅದೇ ಹೆಚ್ಚು ಚಿಂತೆ. ಅಧ್ಯಕ್ಷರು ಮೊಬೈಲಿನಲ್ಲಿ ಕ್ಯಾಮೆರಾ ನೋಡಬೇಕೆಂದು ಅಳವಡಿಸಿದವರು ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಬಂದದ್ದು ನೇರ ಡಿವಿಆರಿಗೆ ಹೋಗುವ ದಾರಿ) ಮಾಡಿ ಹೋಗಿರುತ್ತಾರೆ. ಡಿವಿಆರಿನ ಬದು ಒಡೆದರೆ ಒಳಗೆ ಬಂದವನಿಗೆ ಪಕ್ಕದಲ್ಲೇ ಠೇವಣಿ ಲೆಕ್ಕದ ಕಂಪ್ಯೂಟರ್. ಆ ಫಾರ್ವರ್ಡ್ ತೆಗೆಯಿರಿ. ನೋಡಲೇಬೇಕಾದರೆ ವಿಪಿಎನ್ ಮೂಲಕ ನೋಡಲಿ. ಡಿವಿಆರುಗಳನ್ನು ಬೇರೆ ವಿಎಲ್‌ಎಎನ್‌ಗೆ (ಅದೇ ಸ್ವಿಚ್ಚಿನೊಳಗೆ ಬೇರ್ಪಡಿಸಿದ ನೆಟ್‌ವರ್ಕ್) ಹಾಕಿ, ಅಲ್ಲಿಂದ ಕಚೇರಿಯ ಕಂಪ್ಯೂಟರುಗಳಿಗೆ ಏನೂ ಹೋಗದಂತೆ ಮಾಡಿ. ಮ್ಯಾನೇಜ್ಡ್ ಸ್ವಿಚ್ ಇದ್ದೇ ಇದೆ, ಅರ್ಧ ದಿನದ ಕೆಲಸ. ಗ್ರಾಹಕರಿಗೆ ಕೊಡುವ ವೈಫೈ ಇದ್ದರೆ ಅದನ್ನೂ ಹಾಗೇ ಬೇರೆ ಮಾಡಿ. ಸ್ವಿಚ್, ಫೈರ್‌ವಾಲಿನ ನಿರ್ವಹಣಾ ಪುಟ ನಿಮ್ಮ ಒಂದು ಕಂಪ್ಯೂಟರಿನಿಂದ ಮಾತ್ರ ತೆರೆಯಲಿ.

ಕೊನೆಗೆ ಆರಿಸಿ ಹಾಕುವ ವಿಷಯ. ಅದರಿಂದ ಏನೂ ಉಪಯೋಗವಿಲ್ಲ ಎನ್ನಲಾರೆ. 2018ರ ಮೇನಲ್ಲಿ ವಿಪಿಎನ್‌ಫಿಲ್ಟರ್ ಎಂಬ ಮಾಲ್‌ವೇರ್ 54 ದೇಶಗಳ ಕನಿಷ್ಠ 5 ಲಕ್ಷ ಉಪಕರಣಗಳಲ್ಲಿ ಸೇರಿಕೊಂಡಿದ್ದಾಗ ಎಫ್‌ಬಿಐ ಜನರಿಗೆ ರೂಟರ್ ರೀಸ್ಟಾರ್ಟ್ ಮಾಡಲು ಹೇಳಿತ್ತು. ಅದರ ಕೆಲವು ಭಾಗ ಮೆಮೊರಿಯಲ್ಲಿ ಮಾತ್ರ ಇದ್ದು ಅಳಿಸಿಹೋಗುತ್ತಿತ್ತು. ಆದರೆ ಮೊದಲ ಹಂತದ ಭಾಗ ರೀಸ್ಟಾರ್ಟ್ ಆದರೂ ಉಳಿಯುತ್ತಿತ್ತು. ಅಪ್‌ಡೇಟ್ ಹಾಕಿದ ಮೇಲೂ ಉಳಿದದ್ದಿದೆ: 2025ರ ಏಪ್ರಿಲ್‌ನಲ್ಲಿ ಫೋರ್ಟಿನೆಟ್, ಹಳೆಯ ದೋಷಗಳಿಂದ ಒಳಬಂದವರು ತೇಪೆಯ ನಂತರವೂ ಫೈಲುಗಳನ್ನು ಓದುವಂತೆ ಒಂದು ಕೊಂಡಿ ಬಿಟ್ಟುಹೋಗಿದ್ದರು ಎಂದು ತಿಳಿಸಿತು. ಯಾರೋ ಒಳಬಂದಿದ್ದಾರೆ ಎಂಬ ಅನುಮಾನ ಗಟ್ಟಿಯಿದ್ದರೆ ಫ್ಯಾಕ್ಟರಿ ರೀಸೆಟ್ ಮಾಡಿ, ಹೊಸ ಫರ್ಮ್‌ವೇರ್ ಹಾಕಿ, ಎಲ್ಲ ಪಾಸ್‌ವರ್ಡ್ ಮತ್ತು ಟನೆಲ್‌ನ ಗುಟ್ಟಿನ ಕೀ ಬದಲಿಸಬೇಕು.

ದಿನಾ ಆರಿಸುವುದರಿಂದ ನಿಮಗಾಗುತ್ತಿರುವ ನಷ್ಟವೂ ಒಂದಿದೆ. ಬಹುತೇಕ ರೂಟರುಗಳ ಲಾಗ್ ಮೆಮೊರಿಯಲ್ಲೇ ಇರುತ್ತದೆ, ಆರಿಸಿದ ಕೂಡಲೇ ಹೋಯಿತು. ವಿದ್ಯಾರ್ಥಿ ನಿಲಯದಲ್ಲಿ ನನಗೆ ಸಿಕ್ಕ ಆ ಎರಡು ಸಾಲು ನಿಮ್ಮಲ್ಲಿ ಬಿದ್ದಿದ್ದರೂ ಬೆಳಿಗ್ಗೆ ಕಾಣುತ್ತಿರಲಿಲ್ಲ. ಹಳೆಯ ಒಂದು ಕಂಪ್ಯೂಟರಿನಲ್ಲಿ ಸಿಸ್‌ಲಾಗ್ ಸರ್ವರ್ ಹಾಕಿ, ಎಲ್ಲ ಉಪಕರಣಗಳ ಲಾಗ್ ಅಲ್ಲಿಗೆ ಬರಲಿ, ಎಲ್ಲದರ ಗಡಿಯಾರವೂ ಒಂದೇ ಸಮಯ ತೋರಿಸಲಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು, ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಆ ಸಂಸ್ಥೆಗೆ ತಿಳಿಸಬೇಕು. ನಿಮ್ಮ ಸಂಘಕ್ಕೂ ಇದು ಅನ್ವಯಿಸುತ್ತದೆ ಎಂದೇ ತಿಳಿದು ನಡೆಯಿರಿ. ಮುಂದಿನ ಆಡಿಟ್‌ನಲ್ಲಿ ಇದನ್ನೂ ಕೇಳುತ್ತಾರೆ.

ಮುಂದಿನ ಸಭೆಗೆ ಟಿಪ್ಪಣಿ ಬರೆಯುವಾಗ ಏಳು ಕೆಂಪು ಸಾಲನ್ನೂ ಹಾಕಬೇಡಿ. ಮೊಬೈಲಿನಲ್ಲಿ ನೀವು ತೆರೆದ ಲಾಗಿನ್ ಪುಟದ ಚಿತ್ರ ಒಂದು ಅಂಟಿಸಿ, ಕೆಳಗೆ 'ಇದು ನಮ್ಮ ಸಂಘದ ರೂಟರ್, ಬಸ್ ಸ್ಟ್ಯಾಂಡಿನಲ್ಲಿ ನಿಂತು ತೆರೆದದ್ದು' ಎಂದು ಬರೆಯಿರಿ. ಸ್ಥಿರ ಐಪಿ ಮತ್ತು ಸಪೋರ್ಟ್ ಮುಗಿದ ಒಂದು ರೂಟರ್, ಈ ಎರಡಕ್ಕೆ ಮಾತ್ರ ಮಂಜೂರಾತಿ ಕೇಳಿ. ಮೊಬೈಲ್ ಪರೀಕ್ಷೆಯಲ್ಲಿ ಏನು ಕಂಡಿತು, ಆ ಏಳು ಸಿವಿಇ ನಂಬರುಗಳು ಯಾವುವು ಎಂದು ಬರೆದು ಕಳಿಸಿದರೆ, ಯಾವುದನ್ನು ಮೊದಲು ಹಿಡಿಯಬೇಕೆಂದು ಒಂದೊಂದಾಗಿ ನೋಡಿ ಹೇಳುತ್ತೇನೆ.